ಮನೆ ಸೇರಿದವನ ಲೆಕ್ಕ

ನಾನು ಚಿಕ್ಕವಳಿದ್ದಾಗ ನಮ್ಮ ಜನ್ನಾಪುರದಲ್ಲಿ ಕುಡುಕರೆಂದರೆ ಬೀದಿಯವರಿಗೆ ಅಂಥ ಭಯವೇನೂ ಇರಲಿಲ್ಲ. ಅವರ ಹೆಂಡತಿ ಮಕ್ಕಳಿಗೆ ಇತ್ತು, ಅದು ಬೇರೆ ಮಾತು. ಬೀದಿಗೆ ಇದ್ದದ್ದು ಒಂದಿಷ್ಟು ಮರುಕ, ಒಂದಿಷ್ಟು ಅಸಹ್ಯ, ಅದಕ್ಕಿಂತ ಹೆಚ್ಚಾಗಿ ತಮಾಷೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿ ಪಾಳಿ ಬಿಟ್ಟಿತೆಂದರೆ ರಸ್ತೆಯ ತುಂಬ ಸೈಕಲ್ಲುಗಳು. ಸಂಬಳದ ದಿನ ಅವುಗಳಲ್ಲಿ ಕೆಲವು ತಡವಾಗಿ ಬರುತ್ತಿದ್ದವು. ಸವಾರ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಾನೋ, ಸೈಕಲ್ಲೇ ಅವನನ್ನು ಹಿಡಿದು ತರುತ್ತಿದೆಯೋ ಹೇಳುವುದು ಕಷ್ಟವಾಗುತ್ತಿತ್ತು. ನಮ್ಮ ಬೀದಿಯವರೇ ಒಬ್ಬರು ತಿಂಗಳಿಗೊಮ್ಮೆ ಚರಂಡಿಗೆ ಬೀಳುವುದು ವಾಡಿಕೆ. ಎತ್ತಿ ಕೂರಿಸಿದರೆ, "ಬಿಡ್ರೀ, ನಮ್ಮ ಸೈಕಲ್ಲಿಗೆ ಮನೆ ದಾರಿ ಗೊತ್ತು" ಎನ್ನುತ್ತಿದ್ದರು. ಮರುದಿನ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಪಾಳಿಗೆ ಹೋಗುತ್ತಿದ್ದರು. ಗಾಯ ಅವರದು, ನಗು ನಮ್ಮದು.

ಹಾಗೆ ನೋಡಿದರೆ ನಮ್ಮ ಊರಿನ ಕಾರ್ಖಾನೆಗೂ ಭಟ್ಟಿಗೂ ಹುಟ್ಟಿನಿಂದಲೇ ನಂಟು. 1923ರಲ್ಲಿ ಇಲ್ಲಿ ಕುಲುಮೆ ಹೊತ್ತಿಕೊಂಡಾಗ ಅದರ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಭಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಮಲೆನಾಡಿನ ಮರವನ್ನು ಬೇಯಿಸಿ ಇದ್ದಿಲು ಮಾಡುತ್ತಿದ್ದರು, ಅದರ ಹೊಗೆಯಿಂದ ಟಾರು, ಮರದ ಮದ್ಯಸಾರ ಎಲ್ಲ ತೆಗೆಯುತ್ತಿದ್ದರು. ಆ ಮದ್ಯಸಾರ ಕುಡಿಯುವಂಥದಲ್ಲ, ವಿಷ. ಕುಡಿಯುವುದಕ್ಕೆ ಬೇರೆ ಏರ್ಪಾಡುಗಳು ಯಾವ ಕಾಲಕ್ಕೂ ಇದ್ದವು, ಇರಲಿ.

ಕುಡುಕನನ್ನು ಕಂಡರೆ ನಗುವ ಈ ಗುಣ ನಮ್ಮ ಊರಿನದಷ್ಟೇ ಅಲ್ಲ. ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನನ್ನು ಕನ್ನಡಿಗರು ಎಷ್ಟು ಪ್ರೀತಿಯಿಂದ ಹಾಡಿಕೊಂಡರು! ಕುಡಿಯದವರೂ ಹಾಡಿಕೊಂಡರು. ನಾನೂ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಹಾಡಿಸಿದ್ದೇನೆ. ರತ್ನನ ಮೇಲೆ ನನಗೆ ಈಗಲೂ ಕೋಪವಿಲ್ಲ. ಏಕೆಂದರೆ ರತ್ನನಿಗೆ ಗಾಡಿ ಇರಲಿಲ್ಲ.

ಗಾಡಿಗಳು ಬಂದದ್ದು ಆಮೇಲೆ. ಮೊದಲು ಲೂನಾ, ಬಜಾಜ್ ಸ್ಕೂಟರು. ಅನಂತರ ಹೀರೊ ಹೋಂಡಾ. ಈಗಂತೂ ಸಾಲ ಕೊಡುವವರು ಮನೆ ಬಾಗಿಲಿಗೇ ಬರುತ್ತಾರೆ. ಎಂ.ಪಿ.ಎಂ. ಕಾಗದದ ಕಾರ್ಖಾನೆ 2015ರಲ್ಲಿ ನಿಂತ ಮೇಲೆ, ಕಬ್ಬಿಣದ ಕಾರ್ಖಾನೆಯೂ ಬಡವಾದ ಮೇಲೆ, ನಮ್ಮ ಹುಡುಗರಲ್ಲಿ ಎಷ್ಟೋ ಜನ ಕೆಲಸಕ್ಕೆಂದು ದಿನವೂ ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗಕ್ಕೆ ಹೋಗಿ ಬರುತ್ತಾರೆ. ಸೈಕಲ್ಲು ಹೋಗಿ ನೂರು ಕಿಲೋಮೀಟರು ವೇಗದ ಬೈಕು ಬಂತು. ಕುಡುಕನ ಬಗ್ಗೆ ನಮಗಿದ್ದ ಅಭಿಪ್ರಾಯ ಮಾತ್ರ ಸೈಕಲ್ಲಿನ ಕಾಲದ್ದೇ ಉಳಿಯಿತು. "ಸ್ವಲ್ಪ ಹಾಕ್ಕೊಂಡಿದಾನೆ, ಆದ್ರೂ ಗಾಡಿ ಸ್ಟಡಿ ಇರುತ್ತೆ ನೋಡಿ" ಎಂದು ಗಂಡನ ಬಗ್ಗೆ, ಮೈದುನನ ಬಗ್ಗೆ ಹೆಮ್ಮೆಯಿಂದ ಹೇಳುವ ಹೆಂಗಸರನ್ನು ಮದುವೆ ಮನೆಗಳಲ್ಲಿ ನೀವೂ ನೋಡಿರುತ್ತೀರಿ.

ಹೆಂಗಸರು ಕುಡಿತದ ವಿರುದ್ಧ ಹೋರಾಡಲಿಲ್ಲವೆಂದಲ್ಲ. 1992ರಲ್ಲಿ ರಾಜಕುಮಾರ್ ಅವರ 'ಜೀವನಚೈತ್ರ' ಬಂದಾಗ ಸಾರಾಯಿ ಅಂಗಡಿಯ ವಿರುದ್ಧದ ದೃಶ್ಯಗಳಿಗೆ ಥಿಯೇಟರಿನಲ್ಲಿ ಹೆಂಗಸರು ತಟ್ಟಿದ ಚಪ್ಪಾಳೆ ನನ್ನ ಕಿವಿಯಲ್ಲಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆ ಹೋರಾಟ ಅಡುಗೆಮನೆಯದಾಗಿತ್ತು: ಸಂಬಳ ಮನೆಗೆ ಬರಲಿಲ್ಲ, ಮಕ್ಕಳಿಗೆ ಪುಸ್ತಕವಿಲ್ಲ, ಮೈಮೇಲೆ ಬಾಸುಂಡೆ. ಅವೆಲ್ಲ ನಿಜವಾದ ಕಷ್ಟಗಳೇ. ಆದರೆ ಎದುರಿನಿಂದ ಬರುವ ಅಪರಿಚಿತನೊಬ್ಬ ಆ ಲೆಕ್ಕದಲ್ಲಿ ಇರಲಿಲ್ಲ. ಸಾರಾಯಿ ಹೋಯಿತು, ಹಣೆಪಟ್ಟಿ ಹೊತ್ತ ಬಾಟಲಿ ಉಳಿಯಿತು. ಸಾರಾಯಿ ಕುಡಿಯುವವನು ಕುಡುಕ, ಬಾರಿನಲ್ಲಿ ಕೂತವನು 'ಪಾರ್ಟಿ' ಮಾಡಿದವನು ಎಂದಾಯಿತು. ಪಾರ್ಟಿ ಮಾಡಿದವನ ಕೈಯಲ್ಲಿ ಕೀಲಿಕೈ ಇದ್ದರೆ ಕೇಳುವವರಿಲ್ಲ.

2011ರಲ್ಲಿ ನಡೆದ ಒಂದು ವಿಷಯ ಹೇಳುತ್ತೇನೆ. ಇಬ್ಬರು ಹುಡುಗರು, ಇಬ್ಬರೂ ನನ್ನ ಹತ್ತಿರ ಹತ್ತನೆಯ ತರಗತಿ ಓದಿದವರು, ಒಂದೇ ಬೆಂಚಿನವರು. ಒಬ್ಬನಿಗೆ ಕೆಲಸ ಸಿಕ್ಕಿತೆಂದು ಹೆದ್ದಾರಿಯ ಪಕ್ಕದಲ್ಲಿ ಕೂತು ಕುಡಿದರು. ಒಂದೇ ಮೇಜು, ಒಂದೇ ಬಾಟಲಿ, ಬಿಲ್ಲೂ ಅರ್ಧರ್ಧ. ಒಬ್ಬ ಹತ್ತು ನಿಮಿಷ ಮುಂಚೆ ತನ್ನ ಬೈಕಿನಲ್ಲಿ ಹೊರಟ, ಮನೆ ಸೇರಿದ, ಅಮ್ಮ ಬಡಿಸಿಟ್ಟಿದ್ದನ್ನು ಉಂಡು ಮಲಗಿದ. ಇನ್ನೊಬ್ಬ ಅದೇ ರಸ್ತೆಯಲ್ಲಿ ಬಂದ. ರಾತ್ರಿ ಕಾವಲಿನ ಕೆಲಸಕ್ಕೆಂದು ಸೈಕಲ್ಲಿನಲ್ಲಿ ಹೊರಟಿದ್ದ ಐವತ್ತು ದಾಟಿದ ಒಬ್ಬರಿಗೆ ಹಿಂದಿನಿಂದ ಗುದ್ದಿದ. ಅವರು ಅಲ್ಲೇ ತೀರಿಕೊಂಡರು.

ಊರು ತೀರ್ಪು ಕೊಡಲು ಎರಡು ದಿನವೂ ಹಿಡಿಯಲಿಲ್ಲ. ಗುದ್ದಿದವನು ಕೊಲೆಗಡುಕ, ಹೆತ್ತವರ ಮಾನ ಕಳೆದವನು. ಅವನಿಗೆ ಹೆಣ್ಣು ನೋಡುತ್ತಿದ್ದವರು ಹಿಂದೆ ಸರಿದರು. ಆಮೇಲೆ ಅವನು ಊರೇ ಬಿಟ್ಟ. ಮೊದಲು ಹೊರಟವನನ್ನು ಎಲ್ಲರೂ ಪುಣ್ಯವಂತ ಎಂದರು. ಅವನ ತಾಯಿ ಹಳೇನಗರದ ಲಕ್ಷ್ಮೀನರಸಿಂಹಸ್ವಾಮಿಗೆ ಪೂಜೆ ಮಾಡಿಸಿ ಬೀದಿಗೆಲ್ಲ ಪ್ರಸಾದ ಹಂಚಿದರು. "ದೇವರು ದೊಡ್ಡೋನು ಮೇಡಂ, ನಮ್ಮ ಹುಡುಗ ಅದೇ ದಾರೀಲಿ ಬಂದಿದ್ದ" ಎಂದರು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದೆ. ಆದರೆ ಆ ಮಾತು ಗಂಟಲಲ್ಲೇ ಉಳಿಯಿತು. ಹುಡುಗರು ಮಾಡಿದ ಕೆಲಸ ಒಂದೇ. ಕುಡಿದದ್ದು ಅಷ್ಟೇ, ಗಾಡಿ ಏರಿದ್ದು ಅಷ್ಟೇ. ವ್ಯತ್ಯಾಸವಾದದ್ದು ಆ ಸೈಕಲ್ಲು ರಸ್ತೆಗೆ ಬಂದ ಹೊತ್ತು. ಸೈಕಲ್ಲು ರಸ್ತೆಗೆ ಬರುವ ಹೊತ್ತನ್ನು ಈ ಇಬ್ಬರಲ್ಲಿ ಯಾರೂ ನಿರ್ಧರಿಸಲಿಲ್ಲ. ಹಾಗಿದ್ದ ಮೇಲೆ ಅದರ ಆಧಾರದ ಮೇಲೆ ಒಬ್ಬ ಪಾಪಿ ಇನ್ನೊಬ್ಬ ಪುಣ್ಯವಂತ ಆಗುವುದು ಹೇಗೆ?

ಅಮೆರಿಕದ ಥಾಮಸ್ ನೇಗಲ್ ಎಂಬ ತತ್ತ್ವಶಾಸ್ತ್ರಜ್ಞರು 1976ರಲ್ಲಿ ಇದೇ ಪ್ರಶ್ನೆ ಎತ್ತಿ, ಇದನ್ನು ನೈತಿಕ ಅದೃಷ್ಟ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆಂದು ಬಹಳ ತಡವಾಗಿ ಓದಿದೆ. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಕುಡಿದು ಕಾರು ಓಡಿಸುವವನದೇ: ಕಾರು ಕಾಲುದಾರಿಗೆ ನುಗ್ಗಿದಾಗ ಅಲ್ಲಿ ಯಾರೂ ಇಲ್ಲದಿದ್ದರೆ ಅವನು ಅದೃಷ್ಟವಂತ. ಇದು ಬರೀ ಪುಸ್ತಕದ ಒಗಟಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಗೇಟಿನ ಸದ್ದಾದಾಗ "ಸದ್ಯ, ಬಂದ್ರಲ್ಲ" ಎಂದು ಉಸಿರುಬಿಡುವ ಪ್ರತಿಯೊಬ್ಬ ಹೆಂಗಸೂ ತೀರ್ಪು ಕೊಡುತ್ತಲೇ ಇದ್ದಾಳೆ. ಬಂದದ್ದರಿಂದ ಎಲ್ಲ ಮಾಫಿ. ನೂರು ರಾತ್ರಿ ಮಾಫಿ ಪಡೆದವನಿಗೆ ನೂರಾ ಒಂದನೆಯ ರಾತ್ರಿ ತಾನು ತಪ್ಪು ಮಾಡುತ್ತಿದ್ದೇನೆಂದು ಅನ್ನಿಸುವುದಾದರೂ ಎಲ್ಲಿಂದ? ಅವನ ಅನುಭವ ಹೇಳುವುದು ಏನೂ ಆಗುವುದಿಲ್ಲ ಎಂದೇ.

"ಕುಡಿದ ಅಮಲಿನಲ್ಲಿ ಮಾಡಿದ್ದು, ಪ್ರಜ್ಞೆ ಇರಲಿಲ್ಲ, ಬೇಕೂಂತ ಮಾಡಲಿಲ್ಲ" ಎನ್ನುವುದು ಇನ್ನೊಂದು ವಾದ. ಊರು ಬಿಟ್ಟ ಹುಡುಗನ ತಾಯಿ ಇವತ್ತಿಗೂ ಹೇಳುವುದು ಇದನ್ನೇ, ಆಕೆಯ ಮುಖ ನೋಡಿದರೆ ಎದುರಾಡಲು ಮನಸ್ಸು ಬರುವುದಿಲ್ಲ. ಬೇಕೂಂತ ಮಾಡಲಿಲ್ಲ, ನಿಜ. ಆದರೆ ಬಿ.ಎ.ಯಲ್ಲಿ ನಮಗೆ ನೀತಿಶಾಸ್ತ್ರ ಪಾಠ ಮಾಡಿದವರು ಗ್ರೀಸಿನ ಪಿಟ್ಟಕಸ್ ಎಂಬ ಶಾಸನಕರ್ತನ ವಿಷಯ ಹೇಳಿದ್ದರು. ಕುಡಿದು ಮಾಡಿದ ಅಪರಾಧಕ್ಕೆ ಅವನ ಕಾನೂನಿನಲ್ಲಿ ಹೆಚ್ಚಿನ ಶಿಕ್ಷೆ. ಅಂಥ ದುಪ್ಪಟ್ಟು ಶಿಕ್ಷೆಗೆ ಅರಿಸ್ಟಾಟಲ್ ಕೊಟ್ಟ ಕಾರಣ ಸರಳವಾದದ್ದು: ಅಜ್ಞಾನದಲ್ಲಿ ಮಾಡಿದ್ದು ಹೌದು, ಆದರೆ ಆ ಅಜ್ಞಾನವನ್ನು ಅವನೇ ತಂದುಕೊಂಡ, ಕುಡಿಯದೆ ಇರುವುದು ಅವನ ಕೈಯಲ್ಲಿತ್ತು. ನಮ್ಮ ಕಾನೂನೂ ಹೆಚ್ಚುಕಡಿಮೆ ಹೀಗೇ ಹೇಳುತ್ತದೆ. 1860ರ ದಂಡ ಸಂಹಿತೆಯ 85 ಮತ್ತು 86ನೆಯ ಕಲಮುಗಳು, 2024ರ ಜುಲೈಯಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 23 ಮತ್ತು 24, ಅಮಲನ್ನು ನೆಪವಾಗಿ ಒಪ್ಪುವುದು ಬೇರೆಯವರು ತಿಳಿಯದಂತೆಯೋ ಬಲವಂತವಾಗಿಯೋ ಕುಡಿಸಿದ್ದರೆ ಮಾತ್ರ. ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಪಾದಚಾರಿ ದಾರಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕುಡಿದವನೊಬ್ಬ ಕಾರು ಹರಿಸಿ ಏಳು ಜನ ಸತ್ತರಲ್ಲ, ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಬರೀ ಅಜಾಗರೂಕತೆ ಎಂದು ಬಿಡಲಿಲ್ಲ. ಹೀಗೆ ಓಡಿಸಿದರೆ ಜೀವ ಹೋಗಬಹುದೆಂಬ ಅರಿವು ಅವನಿಗಿತ್ತು ಎಂದೇ ತೆಗೆದುಕೊಂಡಿತು. ಏಳು ಜೀವಕ್ಕೆ ಮೂರು ವರ್ಷ ಸಾಕೇ ಎಂದರೆ, ನನಗೆ ಸಾಕೆನಿಸುವುದಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾಗುವುದು 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು. ಅದು ಯಾರಾದರೂ ಸಾಯಲಿ ಎಂದು ಕಾಯುವುದಿಲ್ಲ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ಚಕ್ರ ಹಿಡಿದೆಯೋ, ನೀನು ಅಪರಾಧಿ; ಗಾಡಿ ನೆಟ್ಟಗೆ ಹೋಗುತ್ತಿತ್ತೋ ಸೊಟ್ಟಗೋ ಅದು ಮುಖ್ಯವಲ್ಲ. ಮನೆ ಸೇರಿದವನನ್ನೂ ಸೇರದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ಇದು. ನಮ್ಮ ಬೀದಿಯ ನ್ಯಾಯಕ್ಕಿಂತ ಒಂದು ಮೆಟ್ಟಿಲು ಮೇಲಿದೆ.

ಮೈಯ ವಿಷಯವನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ಮಜ್ಜಿಗೆ ನಿಂಬೆಹಣ್ಣು ಹಿಂಡಿ ಕೊಟ್ಟು "ಇಳೀತು, ಇನ್ನು ಹೋಗಬಹುದು" ಎಂದು ಗಂಡಸರನ್ನು ಕಳಿಸಿಕೊಡುವವರು ನಮ್ಮಲ್ಲಿ ಬಹಳ. ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ಅಮಲನ್ನು ಇಳಿಸುವುದಿಲ್ಲ. ಪಿತ್ತಜನಕಾಂಗ ತನ್ನ ನಿಧಾನದಲ್ಲೇ, ಸುಮಾರಾಗಿ ಗಂಟೆಗೆ ಒಂದು ಸಣ್ಣ ಪೆಗ್ಗಿನಷ್ಟು, ಕರಗಿಸುತ್ತದೆ. ಕಾಫಿಯಿಂದ ಆಗುವುದೆಂದರೆ ತೂಕಡಿಸುತ್ತಿದ್ದ ಕುಡುಕ ಎಚ್ಚರವಿರುವ ಕುಡುಕನಾಗುತ್ತಾನೆ, ಅಷ್ಟೆ. ಕಾಲು ತೊಡರುವುದಕ್ಕಿಂತ ಎಷ್ಟೋ ಮುಂಚೆ ಹೋಗುವುದು ವಿವೇಚನೆ. ನಾನು ಗಾಡಿ ಓಡಿಸಲು ಯೋಗ್ಯನೇ ಎಂದು ಯಾವ ಮಿದುಳು ಹೇಳಬೇಕೋ, ಮೊದಲು ಮಂಕಾಗುವುದು ಅದೇ. ಆದ್ದರಿಂದ ಕುಡಿದವನನ್ನು "ಓಡಿಸ್ತೀಯೇನಪ್ಪಾ?" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದ್ದು ಮನೆಯಿಂದ ಹೊರಡುವಾಗ, ಕೀಲಿಕೈಗೆ ಕೈ ಹಾಕಿದಾಗ. ಬೆಂಗಳೂರಿನ ನಿಮ್ಹಾನ್ಸಿನ ಡಾ. ಜಿ. ಗುರುರಾಜ್ ಅವರಂಥವರು ರಸ್ತೆಯ ಗಾಯಗಳಿಗೂ ಮದ್ಯಕ್ಕೂ ಇರುವ ನಂಟನ್ನು ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ. ನಮ್ಮ ಕಿವಿಗೆ ಬೀಳುವುದು ನಿಧಾನ.

ಕಿವಿಗೆ ಬೀಳದಿರುವುದಕ್ಕೆ ನಮ್ಮ ಭಾಷೆಯೂ ಒಂದು ಕಾರಣವೇನೋ. "ಆಕ್ಸಿಡೆಂಟ್ ಆಯ್ತು" ಎನ್ನುತ್ತೇವೆ. ಮಳೆ ಆಯ್ತು, ಸಂಜೆ ಆಯ್ತು ಎನ್ನುವ ಹಾಗೆ. ಇದರಲ್ಲಿ ಮಾಡಿದವನೆಲ್ಲಿ? ಪತ್ರಿಕೆಯ ತಲೆಬರಹವನ್ನೇ ನೋಡಿ: ಬೈಕ್ ಡಿಕ್ಕಿ, ಲಾರಿ ಹರಿದು ಸಾವು. ಡಿಕ್ಕಿ ಹೊಡೆಯುವುದು ಬೈಕು, ಹರಿಯುವುದು ಲಾರಿ. ಒಂಬತ್ತನೆಯ ತರಗತಿಗೆ ಕರ್ತರಿ ಪ್ರಯೋಗ ಪಾಠ ಮಾಡುವಾಗ ಇಂಥ ತಲೆಬರಹಗಳನ್ನು ಬೋರ್ಡಿನ ಮೇಲೆ ಬರೆದು ಕರ್ತೃಪದ ಸೇರಿಸಿ ಎನ್ನುತ್ತೇನೆ. ಮಕ್ಕಳು ಮೊದಲು ನಗುತ್ತಾರೆ. ಆಮೇಲೆ "ಕುಡಿದ ಯುವಕನು ಬೈಕಿನಿಂದ ಮುದುಕನಿಗೆ ಗುದ್ದಿದನು" ಎಂದು ಬರೆದಾಗ ತರಗತಿ ಸುಮ್ಮನಾಗುತ್ತದೆ. ವ್ಯಾಕರಣದ ಪಾಠದಲ್ಲಿ ತರಗತಿ ಸುಮ್ಮನಾಗುವುದು ಅಪರೂಪ ಎಂದು ಬೇರೆ ಹೇಳಬೇಕಾಗಿಲ್ಲ.

2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ದುಬಾರಿ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ತೀರಿಕೊಂಡರು. ಅವನು ಕುಡಿದಿದ್ದನೆಂದು ಪೊಲೀಸರು ಹೇಳಿದರು. ಬಾಲನ್ಯಾಯ ಮಂಡಳಿ ಜಾಮೀನು ಕೊಡುವಾಗ ಹಾಕಿದ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಒಂದಾಗಿತ್ತು. ದೇಶವೆಲ್ಲ ಸಿಟ್ಟಿನಿಂದ ನಕ್ಕಿತು. ಪ್ರಬಂಧ ಬರೆಸಿ ತಿದ್ದುವುದೇ ಕಸುಬಾದ ನನಗೆ ನಗು ಬರಲಿಲ್ಲ. ಮುನ್ನೂರು ಪದದಲ್ಲಿ ಪೀಠಿಕೆಯೂ ಮುಗಿಯುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಸುದ್ದಿ. ಹುಡುಗನ ರಕ್ತದ ಬದಲು ತಾಯಿಯ ರಕ್ತವನ್ನು ಪರೀಕ್ಷೆಗೆ ಇಟ್ಟರೆಂಬ ಆರೋಪದ ಮೇಲೆ ಪೊಲೀಸರು ವೈದ್ಯರನ್ನೂ ಆ ತಾಯಿಯನ್ನೂ ಬಂಧಿಸಿದರು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ನೋಡಿಕೊಳ್ಳಲಿ. ಆ ಸುದ್ದಿ ಓದಿದ ದಿನ ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರು ಮೆಲ್ಲನೆ, "ನಾನಾಗಿದ್ರೂ ಕೊಡ್ತಿದ್ದೆನೇನೋ" ಎಂದರು. ಯಾರೂ ಬೈಯಲಿಲ್ಲ. ತಾಯಿಯಾದವಳ ಕೈ ತಾನಾಗಿ ಮುಂದೆ ಚಾಚುತ್ತದೆ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅದೇ ತಾಯ್ತನ ಇನ್ನೊಂದು ಕಡೆಗೂ ತಿರುಗಬಲ್ಲದು. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಡಿ ಲೈಟ್ನರ್ ಎಂಬಾಕೆಯ 13 ವರ್ಷದ ಮಗಳು ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದಾಗ ಕುಡಿದವನ ಕಾರಿಗೆ ಬಲಿಯಾದಳು. ಅವನು ಅದಕ್ಕೆ ಮುಂಚೆಯೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದವನು. ಆಕೆ ಅದೇ ವರ್ಷ ತಾಯಂದಿರ ಸಂಘವೊಂದನ್ನು ಕಟ್ಟಿದಳು. ಅಲ್ಲಿಯವರೆಗೆ ಆ ದೇಶದಲ್ಲೂ ಇದು ನಗೆಚಟಾಕಿಯ ವಿಷಯವೇ ಆಗಿತ್ತು. ಕಾನೂನುಗಳು ಬಿಗಿಯಾದವು, ಅದಕ್ಕಿಂತ ಮುಖ್ಯವಾಗಿ ಜೋಕುಗಳು ನಿಂತವು. ಗುದ್ದಿದವನ ತಾಯಿಯಾಗಿ ಯೋಚಿಸುವುದು ನಮಗೆ ಸುಲಭ, ಸತ್ತವಳ ತಾಯಿಯಾಗಿ ಯೋಚಿಸುವುದು ಕಷ್ಟ. ಎರಡೂ ಆಗುವ ಸಾಧ್ಯತೆ ನಮ್ಮೆಲ್ಲರಿಗೂ ಒಂದೇ ಸಮ ಇದೆ.

ನಮ್ಮಲ್ಲಿಯೂ ಏನೂ ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಸಲಕ್ಕೆ 2,000 ರೂಪಾಯಿವರೆಗೆ ಇದ್ದ ದಂಡ 2019ರ ಸೆಪ್ಟೆಂಬರಿನಿಂದ 10,000 ಆಯಿತು, ಆರು ತಿಂಗಳವರೆಗೆ ಜೈಲೂ ಆಗಬಹುದು. ಆಮೇಲೆ ಮದುವೆ ಮನೆಯಿಂದ ಆಟೋದಲ್ಲಿ ಹೊರಡುವ ಗಂಡಸರನ್ನು ಕಾಣುತ್ತಿದ್ದೇನೆ. "ಹತ್ತು ಸಾವಿರ ಯಾರು ಕಟ್ತಾರೆ" ಎನ್ನುತ್ತಾರೆ. ಪೊಲೀಸರು ಯಾವ ಸರ್ಕಲ್ಲಿನಲ್ಲಿ ನಿಂತಿದ್ದಾರೆಂದು ಫೋನಿನಲ್ಲಿ ವಿಚಾರಿಸಿಕೊಂಡು ಒಳದಾರಿಯಲ್ಲಿ ಬರುವವರೂ ಇದ್ದಾರೆ, ಆ ಜಾಣತನ ಬೇರೆ. ಇದೆಲ್ಲ ಹೆದರಿಕೆ, ಒಳಗಿನ ಬದಲಾವಣೆಯಲ್ಲ ಎಂದು ನನ್ನ ಗೆಳತಿಯೊಬ್ಬಳ ವಾದ. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ. ಶಾಲೆಗೆ ಹೊತ್ತಿಗೆ ಸರಿಯಾಗಿ ಬರುವುದನ್ನು ಮಕ್ಕಳು ಮೊದಲು ಹೆದರಿಕೆಯಿಂದಲೇ ಕಲಿಯುತ್ತಾರೆ, ಆಮೇಲೆ ಅದು ಅವರದೇ ಆಗುತ್ತದೆ. ಕೆಲವರಿಗೆ ಆಗುವುದಿಲ್ಲ, ಆದರೂ ಅವರು ಹೊತ್ತಿಗೆ ಬಂದಿರುತ್ತಾರಲ್ಲ.

ಆದರೆ ಹೆದರಿಕೆ ತಲುಪುವುದು ಪೊಲೀಸರು ನಿಂತಲ್ಲಿಯವರೆಗೆ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಕುಡಿದಿದ್ದ ಯುವಕನೊಬ್ಬನ ಬೈಕು ರಸ್ತೆಯಲ್ಲಿ ಉರುಳಿ ಬಿದ್ದಿತ್ತು. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಆ ಬೈಕಿನ ಮೇಲೆ ಹರಿದು, ಬೆಂಕಿ ಹೊತ್ತಿಕೊಂಡು, 19 ಪ್ರಯಾಣಿಕರು ಸುಟ್ಟುಹೋದರು. ಬೈಕಿನವನೂ ಸತ್ತಿದ್ದ. ಬಸ್ಸಿನ ದೋಷಗಳ ಬಗ್ಗೆ ಚರ್ಚೆಯಾಯಿತು, ಆಗಬೇಕಾದದ್ದೇ. ನನಗೆ ನೆನಪಾದದ್ದು ನಮ್ಮ ಬೀದಿಯ ಸೈಕಲ್ಲಿನವರು. "ಅವನು ಬಿದ್ರೆ ಅವನಿಗೆ ತಾನೇ" ಎಂದು ನಾವು ನಗುತ್ತಿದ್ದ ಕಾಲ ಈಗ ಇಲ್ಲ. ಅವನು ಬಿದ್ದರೆ ಅವನ ಹಿಂದೆ ಒಂದು ಬಸ್ಸು ಬರುತ್ತಿರುತ್ತದೆ.

ಮನೆ ಸೇರಿದ ಆ ಹುಡುಗನಿಗೆ ಈಗ ಮೂವತ್ತು ದಾಟಿದೆ, ಎರಡು ಮಕ್ಕಳ ತಂದೆ. ಅವನ ತಾಯಿ ಪ್ರತಿ ವರ್ಷ ಆ ದಿನ ನರಸಿಂಹಸ್ವಾಮಿಗೆ ಪೂಜೆ ಮಾಡಿಸುವುದನ್ನು ಬಿಟ್ಟಿರಲಿಲ್ಲ. ಹೋದ ವರ್ಷ ಆಕೆ ಕಣ್ಣೀರು ಹಾಕಿಕೊಂಡು ನಮ್ಮ ಮನೆಗೆ ಬಂದರು. ಮಗ ಪೂಜೆ ಬೇಡವೆಂದನಂತೆ. "ಅವನು ಮಾಡಿದ್ದನ್ನೇ ನಾನೂ ಮಾಡಿದ್ದೆ ಕಣಮ್ಮ, ನನ್ನನ್ನ ಉಳಿಸಿದ್ದಕ್ಕೆ ಏನು ಪೂಜೆ" ಎಂದು ರೇಗಿದನಂತೆ. ಕಾವಲಿನವರ ಮನೆಗೆ ಅವನು ಆಗಾಗ ಹೋಗಿ ಬರುತ್ತಾನೆ, ಅವರ ಮಗಳ ಫೀಸಿಗೆ ಸಹಾಯ ಮಾಡಿದ್ದಾನೆ ಎನ್ನುವುದೂ ಆಕೆಗೆ ಆಗಲೇ ತಿಳಿದದ್ದು. "ದೇವರಿಗೆ ಹೇಳ್ಕೊಂಡಿದ್ದನ್ನ ಬಿಡಕ್ಕಾಗುತ್ತಾ ಮೇಡಂ? ನೀವು ಓದಿಸಿದ ಹುಡುಗ, ನೀವಾದ್ರೂ ಹೇಳಿ" ಎಂದರು.

ಹೇಳಿಕೊಂಡದ್ದು ನೀವು, ನೀವು ಮಾಡಿಸಿ; ಅವನಿಗೆ ನಾನು ಹೇಳಲಾರೆ ಎಂದೆ. ಆಕೆಗೆ ಬೇಸರವಾಯಿತು, ಕಾಫಿ ಕುಡಿಯದೆ ಎದ್ದರು. ಪೂಜೆ ನಡೆಯಿತು. ಅವನೇ ತಾಯಿಯನ್ನು ಗಾಡಿಯಲ್ಲಿ ದೇವಸ್ಥಾನದವರೆಗೆ ಕರೆತಂದು ಬಿಟ್ಟ, ಮಂಗಳಾರತಿಯಾಗುವವರೆಗೂ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ಬೀದಿಗೆ ಪ್ರಸಾದ ಬಂತು, ನಮ್ಮ ಮನೆಗೂ ಬಂತು.